22 ರೂಪಾಯಿಯ ರಾತ್ರಿ, 190 ರೂಪಾಯಿಯ ರಾತ್ರಿ

ರಾಯಚೂರಿನ ನಮ್ಮ ಮನೆಯ ಮೇಲಂತಸ್ತಿನ ಕೋಣೆಗೆ 2025ರ ಮಾರ್ಚ್ ನಡುವಿನಲ್ಲಿ ಎಸಿ ಹಾಕಿಸಿದೆವು. ಅವ್ವನಿಗೆ ಎಪ್ಪತ್ನಾಲ್ಕು. ಹಿಂದಿನ ಬೇಸಿಗೆಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಿದ್ದಳು. ಅಲ್ಲಿ ಹಗಲು 40 ದಾಟುವುದು ಸುದ್ದಿಯೇ ಅಲ್ಲ, ಕಷ್ಟ ರಾತ್ರಿಯದು. ಹಗಲೆಲ್ಲ ಕಾದ ಆರ್‌ಸಿಸಿ ಛಾವಣಿ ನಡುರಾತ್ರಿಯವರೆಗೂ ತಲೆಯ ಮೇಲೆ ಬೆಂಕಿ ಕಾರುತ್ತಲೇ ಇರುತ್ತದೆ. ಎಸಿ ಕೂಡಿಸಿದ್ದನ್ನು ನೋಡಿ ನೆಮ್ಮದಿಯಿಂದ ಬೆಂಗಳೂರಿಗೆ ವಾಪಸಾದೆ. ಯುಗಾದಿಗೆ ಊರಿಗೆ ಹೋದರೆ ರಿಮೋಟ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಅವ್ವ ಮತ್ತು ಚಿಕ್ಕವ್ವ ಬಾಗಿಲ ಕಟ್ಟೆಯ ಮೇಲೆ ಚಾಪೆ ಹಾಸಿಕೊಂಡು ಬೀಸಣಿಗೆ ಬೀಸುತ್ತ ಕೂತಿದ್ದರು.

‘ತಾಸಿಗಿ ಒಂದೂವರಿ ಯೂನಿಟ್ ತಿಂತದಂತವ್ವಾ. ಎದುರುಮನಿ ಮಾಸ್ತರು ಲೆಕ್ಕ ಮಾಡಿ ಹೇಳ್ಯಾರ. ತಿಂಗಳಿಗೆ ಎರಡೂವರಿ ಸಾವಿರ ಬರ್ತದಂತ. ಹಚ್ಚೋದು ಹ್ಯಾಂಗ?’

ಮಾಸ್ತರರ ಗುಣಾಕಾರ ಸರಿಯಾಗಿಯೇ ಇತ್ತು. ಒಂದೂವರೆ ಟನ್ನಿನ ಎಸಿ ಪೂರ್ತಿ ಜೋರಿನಲ್ಲಿ ಓಡಿದರೆ ಹತ್ತಿರ ಹತ್ತಿರ 1,500 ವಾಟ್. ಎಂಟು ತಾಸಿಗೆ 12 ಯೂನಿಟ್, ಮೂವತ್ತು ರಾತ್ರಿಗೆ 360, ಯೂನಿಟ್‌ಗೆ ಏಳು ರೂಪಾಯಿ ಹಿಡಿದರೆ 2,520. ಇಷ್ಟು ಹೇಳಿದರೆ ಪಿಂಚಣಿಯ ಮೇಲೆ ಬದುಕುವ ಯಾವ ಮುದುಕಿಯಾದರೂ ರಿಮೋಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾಳೆ. ಆದರೆ ಎಸಿ ರಾತ್ರಿಯಿಡೀ ಪೂರ್ತಿ ಜೋರಿನಲ್ಲಿ ಓಡುವುದಿಲ್ಲ. ಈಗಿನ ಇನ್ವರ್ಟರ್ ಎಸಿಯ ಕಂಪ್ರೆಸರ್ ಮೊದಲ ಒಂದೆರಡು ತಾಸು ಗುದ್ದಾಡಿ ಕೋಣೆಯ ಬಿಸಿಯನ್ನು ಹೊರಗೆ ಹಾಕುತ್ತದೆ. ಆಮೇಲೆ ಗೋಡೆ, ಬಾಗಿಲ ಸಂದು, ಛಾವಣಿಯಿಂದ ಒಳಬರುವ ಬಿಸಿಯನ್ನಷ್ಟೇ ಹೊರಹಾಕುತ್ತ ನಿಧಾನಕ್ಕೆ ಓಡುತ್ತದೆ.

ಟನ್ ಎಂದರೆ ಯಂತ್ರದ ತೂಕ ಎಂದೇ ಅವ್ವ ತಿಳಿದಿದ್ದಳು, ಗೋಡೆ ಕುಸಿದೀತೆಂಬ ಅಂಜಿಕೆಯೂ ಇತ್ತು. ಆ ಹೆಸರು ಬಂದದ್ದು ಮಂಜುಗಡ್ಡೆಯಿಂದ. ಎರಡು ಸಾವಿರ ಪೌಂಡು, ಅಂದರೆ 907 ಕಿಲೋ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಕರೆಂಟಿನ ಲೆಕ್ಕದಲ್ಲಿ ಅದು ಮೂರೂವರೆ ಕಿಲೋವಾಟ್ ಬಿಸಿ. ಇಷ್ಟು ಬಿಸಿಯನ್ನು ಎತ್ತಿ ಹಾಕಲು ಯಂತ್ರ ತಿನ್ನುವ ಕರೆಂಟು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಎಸಿ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಸುರಿಯುತ್ತದೆ. ಖರ್ಚು ನಿಂತಿರುವುದು ಹೊರಬೇಕಾದ ಹೊರೆ ಎಷ್ಟು ಎಂಬುದರ ಮೇಲೆ.

ಎಸಿಯ ಮೈಮೇಲೆ ಅಂಟಿಸಿದ ಸ್ಟಾರ್ ಚೀಟಿಯನ್ನು ಅವ್ವನಿಗೆ ಓದಿ ಹೇಳಿದೆ. ನಕ್ಷತ್ರಗಳ ಕೆಳಗೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಸಣ್ಣ ಅಕ್ಷರದಲ್ಲಿರುತ್ತದೆ. ನಮ್ಮದು 3 ಸ್ಟಾರ್, ಸುಮಾರು ಒಂದು ಸಾವಿರ ಯೂನಿಟ್ ಎಂದಿತ್ತು. ಇಂಧನ ದಕ್ಷತಾ ಬ್ಯೂರೋದ ಈ ಲೆಕ್ಕದಲ್ಲಿ ವರ್ಷ ಎಂದರೆ 1,600 ತಾಸು ಮಾತ್ರ. ಭಾಗಿಸಿದರೆ ತಾಸಿಗೆ 0.62 ಯೂನಿಟ್, ಎಂಟು ತಾಸಿನ ರಾತ್ರಿಗೆ 5. ಮಾಸ್ತರರ 12ಕ್ಕೂ ಚೀಟಿಯ 5ಕ್ಕೂ ನಡುವೆ ಅಜಗಜಾಂತರ. ಯಾವುದನ್ನು ನಂಬಬೇಕು? ಚೀಟಿ ಲೆಕ್ಕ ಹಾಕಿದ್ದು ದೇಶದ ಸರಾಸರಿ ಬೇಸಿಗೆಗೆ. ನಮ್ಮ ಛಾವಣಿ ರಾಯಚೂರಿನದು.

ಅದಕ್ಕೇ ಮೀಟರನ್ನೇ ಕೇಳಿದೆವು. ಮೀಟರಿನ ಮುಖದ ಮೇಲೆ ಮಿಣುಕುವ ಒಂದು ಸಣ್ಣ ಕೆಂಪು ದೀಪವಿರುತ್ತದೆ. ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200 ಎಂದಿತ್ತು. ಫ್ಯಾನು, ಫ್ರಿಜ್ಜು ಮಾತ್ರ ಓಡುವಾಗ ಕೈಗಡಿಯಾರ ಹಿಡಿದು ಎಣಿಸಿದರೆ ನಿಮಿಷಕ್ಕೆ ಹತ್ತು. ಎಸಿ ಹಚ್ಚಿ ಹತ್ತು ನಿಮಿಷ ಬಿಟ್ಟು ಎಣಿಸಿದರೆ ಎಂಬತ್ತು. ಎಂಬತ್ತನ್ನು ಅರವತ್ತರಿಂದ ಗುಣಿಸಿ 3200ರಿಂದ ಭಾಗಿಸಿದರೆ ಇಡೀ ಮನೆಗೆ ತಾಸಿಗೆ ಒಂದೂವರೆ ಯೂನಿಟ್. ಮಾಸ್ತರರು ಗೆದ್ದರು ಎಂದು ಚಿಕ್ಕವ್ವ ಅಂದಳು. ರಾತ್ರಿ ಎರಡಕ್ಕೆ ಎದ್ದು ಮತ್ತೆ ಎಣಿಸಿದೆವು, ಮೂವತ್ತು. ಅದರಲ್ಲಿ ಫ್ಯಾನು, ಫ್ರಿಜ್ಜಿನ ಹತ್ತು ಕಳೆದರೆ ಎಸಿ ಆಗ ತಿನ್ನುತ್ತಿದ್ದದ್ದು ತಾಸಿಗೆ ಅರ್ಧ ಯೂನಿಟ್ಟೂ ಅಲ್ಲ. ಹತ್ತರಿಂದ ಆರರವರೆಗಿನ ರಾತ್ರಿಯ ಮೊತ್ತ, ಮನೆಯ ಉಳಿದ ಖರ್ಚು ಬಿಟ್ಟು, ಏಳು ಯೂನಿಟ್ ಬಂತು.

ಏಳೂ ಹೆಚ್ಚೇ. ಕಾರಣ ಎರಡಿತ್ತು. ಒಂದು, ಕೂಡಿಸಲು ಬಂದ ಮೆಕ್ಯಾನಿಕ್ 18ಕ್ಕೆ ಇಟ್ಟು ಹೋಗಿದ್ದ. 2020ರ ಜನವರಿಯಿಂದ ಸ್ಟಾರ್ ಚೀಟಿಯ ಎಲ್ಲ ಎಸಿಗಳೂ ಮೊದಲು ಹಚ್ಚಿದಾಗ 24ರಲ್ಲಿರಬೇಕು ಎಂಬ ನಿಯಮವಿದೆ, ಆದರೆ ಒಂದು ಗುಂಡಿ ಒತ್ತಿದರೆ ನಿಯಮ ಮುಗಿಯಿತು. ಒಂದು ಡಿಗ್ರಿ ಏರಿಸಿದರೆ ಕರೆಂಟು ಸುಮಾರು ನೂರಕ್ಕೆ ಆರರಷ್ಟು ಉಳಿಯುತ್ತದೆ ಎಂಬುದು ಬ್ಯೂರೋದ ಅಂದಾಜು. ಆಮೇಲೆ 2025ರ ಜೂನ್‌ನಲ್ಲಿ ಕೇಂದ್ರದ ಇಂಧನ ಸಚಿವ ಮನೋಹರ ಲಾಲ್ ಅವರು ಎಸಿಗಳ ಉಷ್ಣತೆಯನ್ನು 20ರಿಂದ 28ರೊಳಗೆ ಕಟ್ಟಿಹಾಕುವ ಮಾತಾಡಿದರು. ಹಲವರು ಸಿಟ್ಟಾದರು, ನನಗೆ ಅದು ಸರಿಯೆನಿಸಿತು. ಫ್ಯಾನನ್ನು ಸಣ್ಣಗೆ ಓಡಿಸಿ 26ಕ್ಕೆ ಇಟ್ಟರೆ ವಯಸ್ಸಾದವರ ಕೀಲುಗಳಿಗೂ ಹಿತ. 18ರಲ್ಲಿ ಅವ್ವ ಕೌದಿ ಹೊದ್ದು ಮಲಗಿದ್ದಳು.

ಎರಡನೆಯ ಕಾರಣ ಛಾವಣಿ. ನಮ್ಮ ಅಜ್ಜನ ಕಾಲದ ಮಣ್ಣಿನ ಮಾಳಿಗೆ ಮೇ ತಿಂಗಳಲ್ಲೂ ಒಳಗೆ ತಂಪಾಗಿರುತ್ತಿತ್ತು, ಕೆಳಗೆ ಶಹಾಬಾದಿ ಕಲ್ಲಿನ ನೆಲ. ಅದನ್ನು ಕೆಡವಿ ನಾಲ್ಕೈದು ಅಂಗುಲದ ಸ್ಲ್ಯಾಬ್ ಹಾಕಿದೆವು, ಇಡೀ ಊರು ಹಾಕಿತು. ಆ ಸ್ಲ್ಯಾಬಿನ ಬಿಸಿಯನ್ನು ಇಳಿಸಲು ಈಗ ಕರೆಂಟು ಕೊಳ್ಳುತ್ತಿದ್ದೇವೆ ಎಂಬುದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಯುಗಾದಿಯ ಮರುದಿನ ಛಾವಣಿಗೆ ಎರಡು ಕೈ ಸುಣ್ಣ ಬಳಿಸಿದೆವು, ಪಡುವಣ ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟೆವು, ಬಾಗಿಲ ಕೆಳಸಂದಿಗೆ ಹಳೆಯ ಸೀರೆ ಸುತ್ತಿ ಇಟ್ಟೆವು. 26ಕ್ಕೆ ಇಟ್ಟ ಮೂರನೇ ರಾತ್ರಿ ಬಂದದ್ದು ಐದು ಯೂನಿಟ್. ಸುಣ್ಣ, ಪರದೆಗೆ ಆದ ಖರ್ಚು ಎಸಿಯ ಒಂದು ಸರ್ವಿಸಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಎಲ್ಲ ಊರಿಗೂ ಈ ಲೆಕ್ಕ ಒಂದೇ ಅಲ್ಲ. ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ ಹೊರಗೆ 33 ಇದ್ದರೂ ಎಸಿಗೆ ಬಿಡುವಿಲ್ಲ. ಅಲ್ಲಿ ಯಂತ್ರದ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಯೊಳಗಿನ ಪಸೆಯನ್ನು ಹಿಂಡಿ ತೆಗೆಯುವುದಕ್ಕೇ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಪೈಪಿನ ಕೆಳಗಿನ ಬಕೆಟ್ ತುಂಬಿರುತ್ತದೆ. ರಾಯಚೂರಿನ ಒಣ ಗಾಳಿಯಲ್ಲಿ ಇನ್ನೂರು ವಾಟಿನೊಳಗಿನ ಕೂಲರ್ ಹಲವು ರಾತ್ರಿ ಸಾಕಾಗುತ್ತದೆ, ಕರಾವಳಿಯಲ್ಲಿ ಕೂಲರ್ ಹಚ್ಚುವುದು ಬೆವರಿನ ಮೇಲೆ ನೀರು ಚಿಮುಕಿಸಿದಂತೆ. ಬೆಂಗಳೂರಿನಲ್ಲಿ ನನ್ನ ಮನೆಯಲ್ಲಿ ವರ್ಷಕ್ಕೆ ನಲವತ್ತು ರಾತ್ರಿ ಎಸಿ ಬೇಕಾದರೆ ಹೆಚ್ಚು. ಅಂಗಡಿಯವರು ಏಳೆಂಟು ಸಾವಿರ ಹೆಚ್ಚು ಕೊಟ್ಟು 5 ಸ್ಟಾರ್ ಕೊಳ್ಳಿ ಎಂದಿದ್ದರು. 1,600 ತಾಸಿಗೆ ಉಳಿಯುವುದು ಇನ್ನೂರು ಯೂನಿಟ್, ನನ್ನ 320 ತಾಸಿಗೆ ನಲವತ್ತು. ವರ್ಷಕ್ಕೆ ಮುನ್ನೂರು ರೂಪಾಯಿಯೂ ಇಲ್ಲ, ಕೊಟ್ಟ ದುಡ್ಡು ಹಿಂದಿರುಗುವಷ್ಟರಲ್ಲಿ ಯಂತ್ರವೇ ಇರುವುದಿಲ್ಲ. ಬೇಸಿಗೆಯಿಡೀ ಹಚ್ಚುವ ರಾಯಚೂರಿನ ಮನೆಗಾದರೆ ಏಳೆಂಟು ವರ್ಷದಲ್ಲಿ ಅಸಲು ಬರುತ್ತದೆ.

ಇನ್ನು ದರ. 2025-26ರಲ್ಲಿ ರಾಜ್ಯದಲ್ಲಿ ಮನೆಬಳಕೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ನೂರಕ್ಕೆ 9 ತೆರಿಗೆ, ನೌಕರರ ಪಿಂಚಣಿ-ಗ್ರಾಚ್ಯುಟಿಯ ಬಾಬ್ತು 36 ಪೈಸೆ. ಕೂಡಿಸಿದರೆ 6 ರೂಪಾಯಿ 70 ಪೈಸೆ ಎಂದಿಟ್ಟುಕೊಳ್ಳಬಹುದಿತ್ತು. ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಬೇರೆ ಇತ್ತು. ಎಸಿಗೆಂದು ಒಂದು ಕಿಲೋವಾಟ್ ಹೆಚ್ಚಿಸಿಕೊಂಡ ಮನೆ, ಉಚಿತ ಯೋಜನೆಯಲ್ಲಿ ಇಲ್ಲದಿದ್ದರೆ, ಎಸಿ ಮುಟ್ಟದ ಡಿಸೆಂಬರ್‌ನಲ್ಲೂ ಅದನ್ನು ಕಟ್ಟಬೇಕಿತ್ತು. ವರ್ಷಕ್ಕೆ 1,740. ಬಹಳ ಜನ ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಹಾಗಾದರೆ ಐದು ಯೂನಿಟ್ಟಿನ ರಾತ್ರಿಗೆ ಮೂವತ್ತಮೂರು ರೂಪಾಯಿ, ನಡುರಾತ್ರಿಯಿಂದ ಐದರವರೆಗೆ ಮಾತ್ರ ಹಚ್ಚಿದರೆ ಮೂರು ಚಿಲ್ಲರೆ ಯೂನಿಟ್, 22 ರೂಪಾಯಿ. ‘ಇಬ್ಬರಿಗಿ ಒಂದು ಎಳನೀರಿನ ದುಡ್ಡೂ ಇಲ್ಲಲ್ಲೇ’ ಎಂದು ಅವ್ವನ ಮುಖ ಅರಳಿತು. ನಾನೂ ಅಷ್ಟಕ್ಕೇ ಲೆಕ್ಕ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ.

ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ನಮ್ಮಂಥ ಮನೆಗಳಿಗೆ ದೊಡ್ಡ ಆಸರೆ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ ಪ್ರತಿ ಮನೆಗೂ ಒಂದು ಉಚಿತ ಮಿತಿ ಇದೆ. ಅವ್ವನ ಮನೆಗೆ ಅದು 100 ಯೂನಿಟ್. ನೂರು ದಾಟಿದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಮೊದಲ ಯೂನಿಟ್‌ನಿಂದಲೇ ಪೂರ್ತಿ ಬಿಲ್ಲು. ಎಸಿ ಇಲ್ಲದೆ ಬೇಸಿಗೆಯಲ್ಲಿ ಆ ಮನೆಯ ಖರ್ಚು 110 ಯೂನಿಟ್. ರಾತ್ರಿಗೆ ಐದರಂತೆ ಎಸಿ ಹಚ್ಚಿದರೆ 260. ಮೂರರಂತೆ ಹಚ್ಚಿದರೆ ಸರಿಯಾಗಿ 200. ಅಂದರೆ ನಮ್ಮ ಅವ್ವ ಪ್ರಪಾತದ ಅಂಚಿಗೇ ಚಾಪೆ ಹಾಸಿದ್ದಳು.

ನಾನು ಹೊರಡುವ ಮೊದಲು ಆಕೆಗೆ ಒಂದು ನೋಟ್‌ಬುಕ್ ಕೊಟ್ಟು, ಬೆಳಗ್ಗೆ ಎದ್ದ ಕೂಡಲೇ ಮೀಟರಿನ ಅಂಕಿ ಬರೆದಿಡು ಎಂದಿದ್ದೆ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ ನಲವತ್ತು ವರ್ಷ ತಪ್ಪದೆ ಬರೆದ ಕೈ ಅದು. ಏಪ್ರಿಲ್ 26ರ ರಾತ್ರಿಯ ಲೆಕ್ಕಕ್ಕೆ ತಿಂಗಳ ಬಳಕೆ 181 ಆಗಿತ್ತು. ಫೋನ್ ಮಾಡಿದಳು. ‘ಇನ್ನ ಹತ್ತೊಂಬತ್ತು ಉಳದಾವ. ನಾಕು ದಿನ ಅದ. ಮನಿದೇ ಹದಿನೈದು ಬೇಕು.’

ನಾನು ಆಚೆ ಕೂತು ಗುಣಿಸಿದೆ. ಇದುವರೆಗೆ ಹಚ್ಚಿದಂತೆಯೇ ನಡುರಾತ್ರಿಯಿಂದ ಐದರವರೆಗೆ ನಾಲ್ಕು ರಾತ್ರಿ ಹಚ್ಚಿದರೆ ತಿಂಗಳ ಮೊತ್ತ 209. ಬಳಕೆಯ ಬಾಬ್ತೇ 1,400 ರೂಪಾಯಿ. ಹಚ್ಚದಿದ್ದರೆ 196, ಉಚಿತದ ನೂರು ಕಳೆದು 643. ನಾಲ್ಕು ರಾತ್ರಿಯ ತಂಪಿಗೆ 757 ರೂಪಾಯಿ, ನಿಗದಿತ ಶುಲ್ಕ ಬೇರೆ. 26ನೇ ತಾರೀಖಿನವರೆಗೆ 22 ರೂಪಾಯಿ ಇದ್ದ ಒಂದು ರಾತ್ರಿ 27ಕ್ಕೆ 190 ರೂಪಾಯಿ ಆಗುತ್ತದೆ. ಅದೇ ಕೋಣೆ, ಅದೇ ಯಂತ್ರ. ಮಗಳು ನಾನಿದ್ದೇನೆ, ಕಟ್ಟುತ್ತೇನೆ, ಹಚ್ಚು ಎಂದು ಎಷ್ಟು ಹೇಳಿದರೂ ಅವ್ವ ಒಪ್ಪಲಿಲ್ಲ.

ಈ ಅಂಚನ್ನು ಇಳಿಜಾರು ಮಾಡಬೇಕು ಎಂದು ನಾನು ಸರ್ಕಾರವನ್ನು ಕೇಳುತ್ತೇನೆ. 200 ದಾಟಿದ ಮನೆ ಶ್ರೀಮಂತರ ಮನೆ ಎಂಬ ಊಹೆ ಮೈಸೂರಿನ ನವೆಂಬರ್‌ಗೆ ಒಪ್ಪೀತು, ರಾಯಚೂರು, ಕಲಬುರಗಿ, ಯಾದಗಿರಿಯ ಏಪ್ರಿಲ್‌ಗೆ ಒಪ್ಪುವುದಿಲ್ಲ. 200 ದಾಟಿದ ಮೇಲೆ ಪ್ರತಿ ಯೂನಿಟ್‌ಗೂ ಉಚಿತದ ಒಂದೆರಡು ಯೂನಿಟ್ ಕರಗುತ್ತ ಹೋಗಲಿ, ಒಂದೇ ಏಟಿಗೆ ನೂರೂ ಮಾಯವಾಗಬಾರದು. ಇಲ್ಲವಾದರೆ ಏಪ್ರಿಲ್, ಮೇ ಎರಡು ತಿಂಗಳ ಮಟ್ಟಿಗೆ ಈ ಜಿಲ್ಲೆಗಳಿಗೆ ಮೇಲ್ಮಿತಿ ಬೇರೆ ಇರಲಿ. ಊರಿಂದ ಒಂದೆರಡು ಗಾವುದ ದೂರದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ರಾಜ್ಯಕ್ಕೆಲ್ಲ ಕರೆಂಟು ಕೊಡುತ್ತಿರುವ ಜಿಲ್ಲೆ ಇದು. 1,720 ಮೆಗಾವಾಟ್ ಸಾಮರ್ಥ್ಯದ ಆ ಸ್ಥಾವರದ ಹೊಗೆಯನ್ನೂ ಬೂದಿಯನ್ನೂ ಉಂಡವರು ಇಲ್ಲಿಯವರು. ಅವರ ಮುದುಕರಿಗೆ ತಿಂಗಳ ಕೊನೆಯ ನಾಲ್ಕು ರಾತ್ರಿ ಕೊಡುವುದು ದೊಡ್ಡ ಮಾತೇನಲ್ಲ.

ಮೇ ಮೊದಲ ವಾರ ಬಿಲ್ಲು ಬಂತು. 196 ಯೂನಿಟ್. ಅವ್ವ ಅದನ್ನು ಫೋನಿನಲ್ಲಿ ಎರಡು ಸಲ ಓದಿ ಹೇಳಿದಳು, ಪರೀಕ್ಷೆ ಪಾಸಾದ ಹುಡುಗಿಯ ದನಿಯಲ್ಲಿ. ಆ ನಾಲ್ಕು ರಾತ್ರಿ ಎಲ್ಲಿ ಮಲಗಿದ್ದಿರಿ ಎಂದು ಕೇಳಿದೆ. ಕಟ್ಟಿ ಮ್ಯಾಲ, ಅಂದಳು. ನಿದ್ದಿ ಬಂತಾ ಎಂದೆ. ‘ಚಿಕ್ಕವ್ವಗ ಬಂತು’ ಅಂದಳು.