ದಾರ ಕಡಿಯುವ ಸಣ್ಣ ಸಾಧನ

ಮಗಳಿಗೆ ಹೊಲಿಗೆ ಯಂತ್ರವನ್ನು ಕೊಡಿಸುವ ತಂದೆಯು ಅದರ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುವನು. ಹೊಲಿದ ಮೇಲೆ ಅವಳು ದಾರವನ್ನು ಯಾವುದರಿಂದ ಕಡಿಯಬೇಕೆಂಬುದನ್ನು ಮಾತ್ರ ಯಾರೂ ವಿಚಾರಿಸುವದಿಲ್ಲ. ವಿಷಯವು ಸಣ್ಣದು, ಆದರೂ ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ಅದರ ಬಗ್ಗೆ ನನ್ನ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳುವೆನು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಕೌದಿಯ ಪರಿಚಯವನ್ನು ಹೇಳಬೇಕಾಗಿಲ್ಲ. ಉಟ್ಟು ಹಳತಾದ ಇಳಕಲ್ ಸೀರೆ, ಧೋತರ, ಅಂಗಿಯ ತುಂಡು ಇವುಗಳನ್ನು ಪದರುಪದರಾಗಿ ಹಾಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿಯಾಗುವದು. ಹಳಿಯಾಳ, ಯಲ್ಲಾಪುರಗಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಕವಂದಿಯೂ ಕೈಹೊಲಿಗೆಯದೇ. ಅಂಥ ಕೆಲಸದಲ್ಲಿ ಪೋಣಿಸಿದ ದಾರವು ಮುಗಿಯುವವರೆಗೆ ಕಡಿಯುವ ಪ್ರಸಂಗವೇ ಇಲ್ಲ. ಆದುದರಿಂದ ನಮ್ಮ ಅಜ್ಜಿಯರಿಗೆ ಹಲ್ಲೇ ಸಾಕಾಗಿತ್ತು.

ಈಗ ಮೇಲಿನ ಪದರಿನ ತುಂಡುಗಳನ್ನು ಯಂತ್ರದಲ್ಲಿ ಜೋಡಿಸುವ ಹೆಣ್ಣುಮಕ್ಕಳಿದ್ದಾರೆ. ಒಂದು ಜೋಡಿ ಹೊಲಿದೊಡನೆ ದಾರ ಕಡಿಯದೆ, ಬರಿದಾಗಿ ಎರಡು ಮೂರು ಹೊಲಿಗೆ ಓಡಿಸಿ, ಹಿಂದೆಯೇ ಎರಡನೆಯ ಜೋಡಿಯನ್ನು ಸೂಜಿಯ ಕೆಳಗೆ ತಳ್ಳುವದು ಜಾಣತನದ ಪದ್ಧತಿ. ತುಂಡುಗಳೆಲ್ಲ ಮಾವಿನೆಲೆಯ ತೋರಣದಂತೆ ಸಾಲಾಗಿ ಹೊರಬರುವವು. 64 ತುಂಡುಗಳಿದ್ದರೆ 32 ಜೋಡಿಗಳು. ಜೋಡಿಗೊಮ್ಮೆ ನಿಲ್ಲಿಸಿ, ಮೇಲಿನ ದಾರ ಕೆಳಗಿನ ದಾರ ನಾಲ್ಕು ನಾಲ್ಕು ಅಂಗುಲ ಎಳೆದು ಕಡಿದರೆ, ಏಳು ಗಜಕ್ಕೂ ಮಿಕ್ಕಿ ದಾರ ಹಾಳು. ತೋರಣದ ಪದ್ಧತಿಯಲ್ಲಿ ಇದು ಉಳಿಯುವದು. ಕಡಿದ ತುದಿ ಬಿಚ್ಚೀತೆಂಬ ಭಯವೂ ಬೇಡ; ಮುಂದೆ ಬರುವ ಅಡ್ಡ ಹೊಲಿಗೆಯು ಅದನ್ನು ಹಿಡಿಯುವದು.

ಆದರೆ ಕೊನೆಗೆ ಆ ತೋರಣವನ್ನು 31 ಸಲ ಕಡಿಯಲೇಬೇಕಷ್ಟೆ! ಇಲ್ಲಿಯೇ ಹಳೆಯ ರೂಢಿಯು ತೊಡಕಾಗುವದು. ಹಲ್ಲಿನಿಂದ ಕಡಿದರೆ ಹಲ್ಲು ಸವೆಯುವದು, ಬಟ್ಟೆಯೂ ಒದ್ದೆಯಾಗುವದು. ಕೈಯಿಂದ ಜಗ್ಗಿ ಹರಿದರೆ ತುದಿಯ ಹೊಲಿಗೆ ಸಡಿಲಾಗುವದು. ಎಲ್ಲಕ್ಕೂ ಕೆಟ್ಟದ್ದು ಕ್ಷೌರದ ಹಳೆಯ ಬ್ಲೇಡಿನ ತುಂಡು. ನಮ್ಮ ಓಣಿಯ ಒಂದು ಮನೆಯಲ್ಲಿ ಅಂಥ ತುಂಡೊಂದು ಬಟ್ಟೆಯ ರಾಶಿಯಲ್ಲಿ ಜಾರಿ, ಯಾರಿಗೂ ತಿಳಿಯದೆ ಪದರುಗಳ ನಡುವೆ ಸೇರಿಬಿಟ್ಟಿತು. ಕೌದಿಯನ್ನು ಹಾಸಿದ ಮೇಲೆ ಕೂಸಿನ ಅಂಗಾಲು ಕೊಯ್ದು ರಕ್ತ ಬಂದಾಗಲೇ ಅದು ಸಿಕ್ಕಿತು. ಆ ತಾಯಿಯ ಮುಖವನ್ನು ನಾನು ಇನ್ನೂ ಮರೆತಿಲ್ಲ.

ಹಾಗಾದರೆ ಯಾವ ಸಾಧನವು ಒಳ್ಳೆಯದು? ದೊಡ್ಡ ಕತ್ತರಿಯನ್ನು ಪ್ರತಿ ಸಲವೂ ಎತ್ತಿ ಬೆರಳು ತೂರಿಸಬೇಕು. ಅವಸರದಲ್ಲಿ ಅದು ಬಟ್ಟೆಯನ್ನೂ ಕಡಿಯುವದು. ಅಂಗೈಯಲ್ಲಿ ಹಿಡಿದು ಒತ್ತುವ ಸಣ್ಣ ದಾರದ ಕತ್ತರಿಯು ಇದಕ್ಕಿಂತ ಮೇಲು. ಕೆಲವು ಯಂತ್ರಗಳಲ್ಲಿ ಬಟ್ಟೆಯನ್ನು ಒತ್ತುವ ಪಾದದ ಕಂಬಿಯ ಹಿಂದೆಯೇ ದಾರ ಕಡಿಯುವ ಸಣ್ಣ ಕಚ್ಚು ಇರುತ್ತದೆ; ಅದನ್ನು ನೋಡದೆಯೇ ವರುಷಗಟ್ಟಲೆ ಹೊಲಿದವರುಂಟು. ಆದರೆ ತೋರಣಕ್ಕೆ ಎಲ್ಲಕ್ಕೂ ಉತ್ತಮವಾದದ್ದು ನಮ್ಮ ಅಡಿಗೆಮನೆಯ ಈಳಿಗೆಯ ಮಾದರಿಯದೇ ಎಂದು ನನ್ನ ಮತ. ಈಳಿಗೆಯಲ್ಲಿ ಅಲಗು ಕದಲುವದಿಲ್ಲ, ಕಾಯಿಯೇ ಅದರ ಬಳಿಗೆ ಬರುವದು. ಎರಡೂ ಕೈಗಳು ಬಿಡುವಾಗಿರುವವು. ಹಾಗೆಯೇ, ಹೊಲಿಗೆ ಬಿಚ್ಚುವ ಕವಲುಕೊಕ್ಕೆಯ ಹಿಡಿಯನ್ನು ಭಾರವಾದ ಕಟ್ಟಿಗೆಯ ತುಂಡಿನಲ್ಲಿ ತೂತು ಕೊರೆದು ಬಿಗಿಯಾಗಿ ನಿಲ್ಲಿಸಬೇಕು. ಎರಡು ತುಂಡುಗಳನ್ನು ಎರಡು ಕೈಗಳಲ್ಲಿ ಹಿಡಿದು ನಡುವಿನ ದಾರವನ್ನು ಕವಲಿಗೆ ತಾಗಿಸಿದರೆ ಸಾಕು. ಅಲಗು ಕವಲಿನ ಬುಡದಲ್ಲಿರುವದರಿಂದ ಬೆರಳಿಗೆ ಸುಲಭವಾಗಿ ತಾಗದು. ಕೆಲಸ ತೀರಿದೊಡನೆ ಮೊನೆಗೆ ಅದರ ಟೊಪ್ಪಿಗೆಯನ್ನು ಹಾಕಬೇಕು. ಊರ ಬಡಿಗನು ಇಂಥ ತುಂಡನ್ನು ಮಾಡಿಕೊಡಲಾರನೇ? ಕಟ್ಟಿಗೆಯ ಗೊಂಬೆಗಳಿಗೆ ಹೆಸರಾದ ಕಿನ್ನಾಳವು ಕೊಪ್ಪಳದ ನೆರೆಯಲ್ಲಿಯೇ ಇದೆ.

“ಅಜ್ಜಿಗೆ ಇಲ್ಲದ ಸಾಧನ ಮೊಮ್ಮಗಳಿಗೇಕೆ?” ಎಂದು ಹಿರಿಯರು ಕೇಳಬಹುದು. ಅಜ್ಜಿಯ ಕೆಲಸದಲ್ಲಿ ಕಡಿತಗಳು ಕೆಲವೇ. ಮೊಮ್ಮಗಳ ಕೆಲಸದಲ್ಲಿ ನೂರಾರು. ಕೆಲಸದ ರೀತಿ ಬದಲಾದ ಮೇಲೆ ಸಾಧನವೂ ಬದಲಾಗಬೇಕಾದದ್ದು ನ್ಯಾಯ. ಪದರುಗಳನ್ನು ಕೂಡಿಸುವ ಕೈಹೊಲಿಗೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕೌದಿಯ ಜೀವವು ಅದರಲ್ಲಿಯೇ ಇದೆ.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಯಂತ್ರ ಕೊಡಿಸುವ ದಿನವೇ ಈ ಸಾಧನವನ್ನೂ ಕೊಡಿಸಿರಿ. ಸಹೋದರಿಯರೇ, ಅದಕ್ಕೊಂದು ಜಾಗವನ್ನು ನೇಮಿಸಿರಿ. ಏಳುವ ಮೊದಲು ಅದು ಆ ಜಾಗದಲ್ಲಿ ಇದೆಯೇ ಎಂದು ನೋಡಿರಿ. ಕೂಸು ಮಲಗುವ ಹಾಸಿಗೆಯನ್ನು ಹೊಲಿಯುವವರಿಗೆ ಈ ಎಚ್ಚರವೂ ಹೊಲಿಗೆಯ ಒಂದು ಪಾಠವೇ ಆಗಿದೆ.