ಚೀಟಿ ತೋರಿಸ್ರಿ, ಆಮೇಲೆ ದಾಖಲೆ ಅನ್ರಿ (ಭಾಗ 3)

ನೋಡ್ರಿ, ಟರ್ಬೊ ಇಲ್ಲದ ಇನ್‌ಲೈನ್ ಸಿಕ್ಸ್ ಕಾರು ಕಾಲು ಮೈಲಿಯನ್ನ, ಅಂದ್ರ 402 ಮೀಟರ್, 11 ಸೆಕೆಂಡಿನಾಗ ಹೊಡೀತು ಅಂತ ರೀಲ್ ಬಂದ್ರ ಸಾಕು, ಶೇರ್ ಮಾಡಿಬಿಡ್ತೀರಿ. ಟೈಮ್ ಸ್ಲಿಪ್ ಎಲ್ಲೈತಿ ಅಂತ ಒಬ್ಬರೂ ಕೇಳಂಗಿಲ್ಲ.

ಈ ಚಟ ನಮಗ ಹಳೇದು. 2020ರಾಗ ಕಂಬಳದ ಶ್ರೀನಿವಾಸ ಗೌಡರು 142.50 ಮೀಟರ್ ದೂರವನ್ನ 13.62 ಸೆಕೆಂಡಿನಾಗ ಓಡಿದ್ರು. ನಾವು ಭಾಗಾಕಾರ ಮಾಡಿ, 100 ಮೀಟರಿಗೆ 9.55 ಅಂತ ಹೇಳಿ ಬೋಲ್ಟ್‌ನ ಸೋಲಿಸೇಬಿಟ್ವಿ! ಓಟ ಖರೇ, ಹೋಲಿಕೆ ಸುಳ್ಳು. ಮುಂದ ಕೋಣ ಎಳೀತಿದ್ವು.

ಈಗ ಕಾರಿಗೆ ಬರ್ರಿ. ಬಿಎಂಡಬ್ಲ್ಯು ಇ46 ಎಂ3: 3.2 ಲೀಟರ್, 343 ಅಶ್ವಶಕ್ತಿ, ಟರ್ಬೊ ಇಲ್ಲ. ಶೋರೂಮಿಂದ ಬಂದಂಗ ಓಡಿಸಿದ್ರ 13 ಸೆಕೆಂಡಿನ ಆಸುಪಾಸು. ಅದರಾಗ ಎರಡು ಸೆಕೆಂಡು ಇಳಿಸಬೇಕಂದ್ರ ಕ್ಯಾಮ್, ಕಂಪ್ರೆಷನ್, ಗೇರು, ತೂಕ, ಟಯರು, ಎಲ್ಲಾದಕ್ಕೂ ಕೈ ಹಾಕಬೇಕು. ನೈಟ್ರಸ್ ಕೊಟ್ರೆ ಈ ಲೆಕ್ಕದಿಂದನ ಹೊರಗ. ಹಂಗ ಬೆವರು ಸುರಿಸಿದವರ ಪಕ್ಕದಾಗ ಫೋನಿನ ಸ್ಟಾಪ್‌ವಾಚ್ ತಂದು ಕೂಡ್ರಿಸೋದು ಅನ್ಯಾಯ ಅಲ್ಲೇನ್ರಿ?

ಅಮೆರಿಕದ ಎನ್‌ಎಚ್‌ಆರ್‌ಎ ಎಷ್ಟೋ ವರ್ಷ ಒಂದೇ ಓಟ ನಂಬಿ ರಾಷ್ಟ್ರೀಯ ದಾಖಲೆ ಕೊಡ್ತಿರಲಿಲ್ಲ. ಅದೇ ಕೂಟದಾಗ ಶೇ 1ರ ಅಂತರದೊಳಗ ಇನ್ನೊಂದು ಓಟ ತೋರಿಸಬೇಕಿತ್ತು.

ಸುಳ್ಳು ಅಂಕಿ ಮುರೀತೀವಿ ಅಂತ ನಮ್ಮ ಸವಣೂರು ಹುಡುಗ್ರು ಬಂಕಾಪುರದ ಹೈವೇಕ್ಕ ಇಳಿದ್ರ, ಅಲ್ಲಿರೋದು ಸ್ಟ್ರಿಪ್ ಅಲ್ಲ, ಮೆಣಸಿನಕಾಯಿ ಲಾರಿ. ಶೇರ್ ಒತ್ತೋ ಮುಂಚೆ ಕೇಳ್ರಿ: ಯಾವ ಟ್ರ್ಯಾಕು? ಚೀಟಿ ಎಲ್ಲಿ?