ಬೆಕ್ಕಿರುವ ಮನೆಗೆ ಫಿನಾಯಿಲ್ ಬೇಡ

ಬೆಕ್ಕು ಸಾಕಿದ ಅನೇಕ ಮನೆಗಳಲ್ಲಿ ಎರಡು ವಾಸನೆಗಳಿರುತ್ತವೆ. ಒಂದು ಬೆಕ್ಕಿನ ಮೂತ್ರದ್ದು, ಇನ್ನೊಂದು ಅದನ್ನು ಮುಚ್ಚಲು ಸುರಿದ ಫಿನಾಯಿಲಿನದು. ನೆಂಟರು ಬರುತ್ತಾರೆಂದರೆ ಸಾಕು, ನೆಲಕ್ಕೆ ಫಿನಾಯಿಲ್, ಮೂಲೆಗೆ ನುಸಿಗುಳಿಗೆ, ಜೊತೆಗೆ ಎರಡು ಊದುಬತ್ತಿ! ಈ ಎರಡು ವಾಸನೆಗಳಲ್ಲಿ ಹೆಚ್ಚು ಅಪಾಯ ಎರಡನೆಯದರಿಂದಲೇ ಎಂಬುದು ನನ್ನ ಅಭಿಪ್ರಾಯ. ವಾಸನೆಯನ್ನು ಮುಚ್ಚಬಾರದು, ತೆಗೆಯಬೇಕು.

ಕರಿ ಫಿನಾಯಿಲಿನಲ್ಲಿ ಫೀನಾಲ್ ಜಾತಿಯ ರಾಸಾಯನಿಕಗಳಿರುತ್ತವೆ. ಇಂತಹ ವಸ್ತು ದೇಹ ಸೇರಿದರೆ ನಮ್ಮ ಯಕೃತ್ತು ಅದನ್ನು ಮಾರ್ಪಡಿಸಿ ಮೂತ್ರದ ಮೂಲಕ ಹೊರಹಾಕಬಲ್ಲದು. ಬೆಕ್ಕಿನ ಯಕೃತ್ತಿಗೆ ಈ ಸಾಮರ್ಥ್ಯ ತೀರ ಕಡಿಮೆ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕವಾಗುವುದಕ್ಕೂ ಇದು ಒಂದು ಮುಖ್ಯ ಕಾರಣ. ಬೆಕ್ಕು ಒದ್ದೆ ನೆಲದ ಮೇಲೆ ನಡೆಯುತ್ತದೆ, ನಂತರ ಪಾದಗಳನ್ನು ನೆಕ್ಕಿಕೊಳ್ಳುತ್ತದೆ. ಜೊಲ್ಲು ಸುರಿಯುವುದು, ವಾಂತಿ, ನಡುಕ ಆರಂಭವಾದಾಗ ಕಾರಣ ಫಿನಾಯಿಲ್ ಎಂದು ಯಾರಿಗೂ ಹೊಳೆಯುವುದಿಲ್ಲ. ಬಿಳಿ ಫಿನಾಯಿಲಿನಲ್ಲಿರುವ ಪೈನ್ ಎಣ್ಣೆ, ನೀಲಗಿರಿ ಎಣ್ಣೆ, ನ್ಯಾಫ್ತಲೀನ್ ನುಸಿಗುಳಿಗೆ ಇವೂ ಬೆಕ್ಕಿಗೆ ವಿಷವೇ. ನುಸಿಗುಳಿಗೆ ಪುಟ್ಟ ಮಕ್ಕಳ ಬಾಯಿಗೂ ಹೋಗಬಹುದೆಂಬುದನ್ನು ಮರೆಯಬಾರದು.

ಬ್ಲೀಚಿಂಗ್ ಪುಡಿ ಹಾಕಿದರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಹಳೆಯ ಮೂತ್ರದಲ್ಲಿ ಅಮೋನಿಯಾ ಇರುತ್ತದೆ. ಬ್ಲೀಚಿಂಗ್ ಪುಡಿ ಅದರೊಡನೆ ಸೇರಿದರೆ ಕಣ್ಣು, ಶ್ವಾಸಕೋಶಗಳನ್ನು ಉರಿಸುವ ಅನಿಲ ಹುಟ್ಟುತ್ತದೆ. ಮನೆಯಲ್ಲಿ ಆಸ್ತಮಾ ರೋಗಿಗಳಿದ್ದರಂತೂ ಇದು ಬೇಡವೇ ಬೇಡ.

ಹಾಗಾದರೆ ಮಾಡುವುದೇನು? ಹೊಸ ಮೂತ್ರಕ್ಕೆ ವಾಸನೆ ಕಡಿಮೆ. ಹೊತ್ತು ಕಳೆದಂತೆ ಬ್ಯಾಕ್ಟೀರಿಯಾಗಳು ಅದರಲ್ಲಿನ ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುತ್ತವೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೀನ್ ಎಂಬ ವಸ್ತುವೂ ಉಂಟು. ಅದು ಒಡೆದಾಗ ಗಂಧಕದ ಸಂಯುಕ್ತಗಳು ಹುಟ್ಟಿ ಆ ಘಾಟು ಬರುತ್ತದೆ. ಆದ್ದರಿಂದ ತಡಮಾಡದೆ ತೆಗೆಯುವುದೇ ಮೊದಲ ಉಪಾಯ. ಬಿದ್ದ ಕೂಡಲೇ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ಸೋಪಿನ ನೀರಿನಿಂದ ತೊಳೆದು, ಬರಿ ನೀರಿನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಕಿಣ್ವಯುಕ್ತ ದ್ರಾವಣ ಹಳೆಯ ಕಲೆಗೂ ಉಪಯೋಗಕ್ಕೆ ಬರುತ್ತದೆ. ನೀರು ಬೆರೆಸಿದ ವಿನಿಗರ್ ಸಹ ಆಗಬಹುದು, ಆದರೆ ಅಮೃತಶಿಲೆ, ಕಡಪ ಕಲ್ಲಿನ ನೆಲಕ್ಕೆ ಅದು ಕಲೆ ಮಾಡುತ್ತದೆ. ಗೋಣಿಚೀಲ, ನಾರಿನ ಚಾಪೆ, ಹತ್ತಿಯ ಹಾಸಿಗೆ ಮೂತ್ರವನ್ನು ಹೀರಿಟ್ಟುಕೊಂಡು ಮಳೆಗಾಲದಲ್ಲಿ ಮತ್ತೆ ನಾರುತ್ತವೆ. ಅವನ್ನು ಒಗೆದು ಬಿಸಿಲಿಗೆ ಹಾಕಬೇಕು.

ಮನೆಯೊಳಗಿನ ಬೆಕ್ಕಿಗೆ ಮರಳಿನ ಟ್ರೇ ಅಗತ್ಯ. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಿರಲಿ. ಊಟದ ತಟ್ಟೆಯಿಂದ ದೂರ, ಗದ್ದಲವಿಲ್ಲದ ಮೂಲೆಯಲ್ಲಿಡಿ. ದಿನಕ್ಕೆರಡು ಬಾರಿ ಮಲ ಮತ್ತು ಒದ್ದೆ ಮರಳನ್ನು ತೆಗೆಯಿರಿ, ವಾರಕ್ಕೊಮ್ಮೆ ಟ್ರೇಯನ್ನು ಬಿಸಿನೀರು, ಸೋಪಿನಿಂದ ತೊಳೆಯಿರಿ. ಗೋಡೆಗೆ ಮೂತ್ರ ಚಿಮ್ಮಿಸುವ ಗಂಡುಬೆಕ್ಕಿಗೆ ಪಶುವೈದ್ಯರಿಂದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಚ್ಚಿನವು ಆ ಚಾಳಿ ಬಿಡುತ್ತವೆ, ಘಾಟೂ ಕಡಿಮೆಯಾಗುತ್ತದೆ.

ಪ್ರತಿದಿನ ಶುಚಿ ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಕೆಲವು ಬೆಕ್ಕುಗಳ ಮಲದಲ್ಲಿ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು. ಗರ್ಭಿಣಿಗೆ ಈ ಸೋಂಕು ತಗುಲಿದರೆ ಶಿಶುವಿಗೆ ಹಾನಿಯಾಗಬಹುದು. ಆದರೆ ಮಲ ಬಿದ್ದ ಮೇಲೆ ಅದು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಟ್ರೇ ತೊಳೆಯುವ ಕೆಲಸವನ್ನು ಬೇರೆಯವರು ವಹಿಸಿಕೊಂಡು ದಿನವೂ ಮಾಡಿದರಾಯಿತು. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಯ ಮೂಲಕವೂ ಈ ಸೋಂಕು ಬರುವುದರಿಂದ ಗರ್ಭಿಣಿಯರು ಅತ್ತಲೂ ಗಮನ ಕೊಡಬೇಕು.

ಇಷ್ಟು ಮಾಡಿದರೂ ಬೆಕ್ಕು ಹಠಾತ್ತನೆ ಟ್ರೇ ಬಿಟ್ಟು ಹಾಸಿಗೆ, ಬಚ್ಚಲು ಹುಡುಕತೊಡಗಿದರೆ ಬಯ್ಯಬೇಡಿ, ಹೊಡೆಯಬೇಡಿ. ಮೂತ್ರಕೋಶದ ಉರಿಯೂತ, ಮೂತ್ರಪಿಂಡದ ತೊಂದರೆ, ಮಧುಮೇಹ, ಮುದಿ ಬೆಕ್ಕಿನ ಕೀಲುನೋವು ಇವುಗಳಲ್ಲಿ ಯಾವುದಾದರೂ ಇರಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ ಮಲಬದ್ಧತೆ ಎಂದು ಸುಮ್ಮನಿರಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ಅದೇ ದಿನ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಸಂಚಕಾರ. ಫಿನಾಯಿಲ್ ಸುರಿದು ಮೂತ್ರದ ವಾಸನೆ ಮುಚ್ಚುವ ಮನೆಯಲ್ಲಿ ಇಂತಹ ಬದಲಾವಣೆ ತಡವಾಗಿ ತಿಳಿಯುತ್ತದೆ.

ಕೊನೆಯದಾಗಿ ಒಂದು ಮಾತು. ಮಕ್ಕಳು ಹಟ ಹಿಡಿದು ಬೆಕ್ಕಿನ ಮರಿ ತರುತ್ತಾರೆ, ಟ್ರೇ ತೊಳೆಯುವ ಪಾಳಿ ಮಾತ್ರ ತಾಯಿಯದೇ ಆಗುತ್ತದೆ. ಇದು ನ್ಯಾಯವಲ್ಲ. ಮರಿ ತರುವ ಮುನ್ನವೇ ಯಾರು ಯಾವ ದಿನ ತೊಳೆಯಬೇಕೆಂದು ಮನೆಮಂದಿಯೆಲ್ಲ ಕುಳಿತು ಗೊತ್ತುಮಾಡಿಕೊಳ್ಳಲಿ.